ಬಾಕ್ಸಿಂಗ್ ರಿಂಗಿನ ಉಡುಪು: ಬಾಗಿಲಲ್ಲಿ ನಿಲ್ಲಿಸಿ ಹೇಳುವ ಮಾತಲ್ಲ

ಬೆಂಗಳೂರಿನ ಕನಕಪುರ ರಸ್ತೆಯ ಕಡೆಗಿರುವ ಅಂಜನಾಪುರ ಈಗ ಊರ ಹೊರಗಿನ ಜಾಗವಲ್ಲ. 2021ರ ಜನವರಿಯಲ್ಲಿ ಮೆಟ್ರೋ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಜಯನಗರ, ಮೆಜೆಸ್ಟಿಕ್ ಹತ್ತಿರವಾಗಿವೆ. ಕೆಲಸಕ್ಕಾಗಿ ಕರಾವಳಿ ಬಿಟ್ಟ ನಮ್ಮವರಲ್ಲಿ ಹಲವರು ಇಂಥ ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಶಿಲುಬೆಯ ಸರ ಹಾಕಿದ ಹುಡುಗಿ, ಹಿಜಾಬ್ ತೊಟ್ಟ ಹುಡುಗಿ, ಜನಿವಾರದ ಹುಡುಗ ಒಂದೇ ತರಗತಿಯಲ್ಲಿ ಕೂರುವ ಕಡೆ, ಮೂವರೂ ಬಾಕ್ಸಿಂಗ್ ಕಲಿಯಲು ಹೊರಟರೆ ಯಾರು ಏನು ತೊಡಬಹುದು?

ಈ ಪ್ರಶ್ನೆ ಹೊಸದಲ್ಲ. 2016ರಲ್ಲಿ ಅಮೆರಿಕದ ಮಿನ್ನೆಸೋಟದ ಅಮಾಯಾ ಜಫರ್ ಎಂಬ 16ರ ಹುಡುಗಿ ಸ್ಪರ್ಧೆಗೆಂದು ಫ್ಲೋರಿಡಾಕ್ಕೆ ಹೋದಳು. ಹಿಜಾಬ್, ಪೂರ್ಣ ತೋಳಿನ ಅಂಗಿ ತೆಗೆಯಲು ಒಪ್ಪದ್ದಕ್ಕೆ ಅವಳನ್ನು ಅನರ್ಹಗೊಳಿಸಿ ಎದುರಾಳಿಯನ್ನು ವಿಜೇತೆ ಎಂದು ಸಾರಲಾಯಿತು. ಆದರೆ ಆ ಹುಡುಗಿ ತನಗೆ ಬಂದ ಬೆಲ್ಟನ್ನು ಅಮಾಯಾಳ ಕೈಗೇ ಕೊಟ್ಟಳು. ದೊಡ್ಡವರಿಗೆ ಹೊಳೆಯದ್ದು ಮಕ್ಕಳಿಗೆ ಹೊಳೆಯಿತು. 2017ರಲ್ಲಿ ಅಮೆರಿಕದ ಬಾಕ್ಸಿಂಗ್ ಸಂಸ್ಥೆ ಧಾರ್ಮಿಕ ವಿನಾಯಿತಿ ನೀಡಿತು; 2019ರಲ್ಲಿ ಅಂದಿನ ಅಂತಾರಾಷ್ಟ್ರೀಯ ಸಂಸ್ಥೆ ಎಐಬಿಎ ಕೂಡ ಹಿಜಾಬಿಗೂ ಮೈಗಂಟಿದ ಪೂರ್ಣ ಉಡುಪಿಗೂ ಒಪ್ಪಿತು.

ಸುರಕ್ಷತೆಯ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತೋಳು, ಕಾಲು ಮುಚ್ಚಿದರೆ ಹಳೆಯ ಗಾಯ ರೆಫರಿಗೆ ಕಾಣದು ಎಂಬುದು ಅಂದು ಮುಂದಿಟ್ಟ ಕಾರಣ. ಅದನ್ನು ಪಂದ್ಯಕ್ಕೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲೇ ನೋಡಬಹುದು. ಲೋಹದ ಸರ, ಉಂಗುರ, ಕಿವಿಯೋಲೆ ರಿಂಗಿನಲ್ಲಿ ಯಾರಿಗೂ ಇಲ್ಲ. ನಮ್ಮ ಮಕ್ಕಳೂ ಶಿಲುಬೆಯ ಸರವನ್ನು ತೆಗೆದು ಅಮ್ಮನ ಕೈಗೆ ಕೊಟ್ಟೇ ಇಳಿಯಬೇಕು. ಅದಕ್ಕೆ ಯಾರೂ ಜಗಳ ಮಾಡುವುದಿಲ್ಲ, ಏಕೆಂದರೆ ಕಾರಣ ಕಣ್ಣಿಗೆ ಕಾಣುತ್ತದೆ. ಪಿನ್ನಿಲ್ಲದೆ, ಗಂಟಿಲ್ಲದೆ ಹೆಡ್‌ಗಾರ್ಡ್ ಒಳಗೆ ಕೂರುವ ಬಟ್ಟೆಯಿಂದ ಎದುರಾಳಿಗೆ ಏನು ಅಪಾಯ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಬಟ್ಟೆ ಬಿಚ್ಚಿಸುವುದು ಮಾತ್ರ ಬಲವಂತವಲ್ಲ. ಮಹಿಳಾ ಬಾಕ್ಸಿಂಗ್ 2012ರ ಲಂಡನ್ ಒಲಿಂಪಿಕ್ಸಿಗೆ ಸೇರುವ ಮುನ್ನ ಹುಡುಗಿಯರಿಗೆ ಸ್ಕರ್ಟ್ ತೊಡಿಸುವ ಯೋಚನೆ ನಡೆದಿತ್ತು. ಗಂಡಸರಿಂದ ಬೇರೆಯಾಗಿ ಕಾಣಲಿ ಎಂಬುದಷ್ಟೇ ಕಾರಣ! ವಿರೋಧ ಬಂದ ಮೇಲೆ ಸ್ಕರ್ಟೋ ಚಡ್ಡಿಯೋ ಅವರವರ ಆಯ್ಕೆ ಎಂದಾಯಿತು. ಇತ್ತ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದ ನಿಜಾಮಾಬಾದಿನ ನಿಖತ್ ಜರೀನ್ ಅವರಿಗೆ ಚಡ್ಡಿ ತೊಟ್ಟು ಆಡುತ್ತೀಯಲ್ಲ ಎಂಬ ಆಕ್ಷೇಪ ಬಂದದ್ದು ಬಂಧುಬಳಗದಿಂದ. ಹಿಜಾಬ್ ಬಗ್ಗೆ ಕೇಳಿದಾಗ, ಅದು ಅವರವರ ಆಯ್ಕೆ ಎಂದಷ್ಟೇ ಅವರು ಹೇಳಿದರು.

ತೀರ್ಪುಗಾರರ ಉಡುಪು ಯಾರ ಗಮನಕ್ಕೂ ಬರುವುದಿಲ್ಲ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬೋ ಟೈ ಗಂಡಸರೇ ರೆಫರಿಗಳಾಗಿದ್ದ ಕಾಲದ ವೇಷ. ತಲೆಗೆ ವಸ್ತ್ರ ಕಟ್ಟಿದ ಮಹಿಳೆಯೋ ಪೇಟದ ಸಿಖ್ ಬಾಂಧವನೋ ಇಬ್ಬರು ಬಾಕ್ಸರುಗಳ ನಡುವೆ ಬಂದು ಬಿಡಿಸಲಾರರೇ?

ಕರ್ನಾಟಕದಲ್ಲಿ ಈ ಪ್ರಶ್ನೆ ಎದ್ದದ್ದು ರಿಂಗಿನಲ್ಲಲ್ಲ, ನಮ್ಮದೇ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ. 2022ರ ಮಾರ್ಚ್ 15ರಂದು ಹೈಕೋರ್ಟ್ ಸರಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹಿಜಾಬ್ ತೊಟ್ಟಳೆಂದು ಶಿಕ್ಷಣ ನಿರಾಕರಿಸಿದರೆ ಹುಡುಗಿಯ ಬದುಕು ಹಸನಾಗುತ್ತದೆಯೇ ಎಂದು ನ್ಯಾಯಮೂರ್ತಿ ಧುಲಿಯಾ ಕೇಳಿದರು. 2025ರ ಏಪ್ರಿಲಿನಲ್ಲಿ ಬೀದರ್, ಶಿವಮೊಗ್ಗಗಳ ಸಿಇಟಿ ಕೇಂದ್ರಗಳಿಂದ ಜನಿವಾರದ ಸುದ್ದಿ ಬಂತು. 2015ರಲ್ಲಿ ತಿರುವನಂತಪುರದ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಶಿರವಸ್ತ್ರ, ಶಿಲುಬೆ ತೆಗೆಯಲು ಒಪ್ಪದ ಧರ್ಮಭಗಿನಿಯೊಬ್ಬರು ಪರೀಕ್ಷೆಯನ್ನೇ ಬಿಟ್ಟು ಹೋದಾಗ ನಮಗೆ ನೋವಾಗಿತ್ತು. 2025ರ ಅಕ್ಟೋಬರಿನಲ್ಲಿ ಕೊಚ್ಚಿಯ ಪಳ್ಳುರುತ್ತಿಯಲ್ಲಿ ಧರ್ಮಭಗಿನಿಯರೇ ನಡೆಸುವ ಶಾಲೆಯಲ್ಲಿ ಹಿಜಾಬಿನ ವಿವಾದ ಎದ್ದು, ಮಗಳ ಶಾಲೆ ಬದಲಿಸಲು ಮನೆಯವರು ನಿರ್ಧರಿಸಿದಾಗ ನಮ್ಮಲ್ಲಿ ಎಷ್ಟು ಮಂದಿಗೆ ಅದೇ ನೋವಾಯಿತು?

ಭಾರತದ ಬಾಕ್ಸಿಂಗ್ ಫೆಡರೇಶನ್ 2024ರಲ್ಲಿ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಯನ್ನು ಸೇರಿದೆ. ಆದರೆ ಮೇಲಿನ ನಿಯಮ ಬರಲಿ ಎಂದು ನಮ್ಮ ಶಾಲೆಗಳ ದೈಹಿಕ ಶಿಕ್ಷಕರು, ಯುವ ಸಂಘಟನೆಗಳವರು ಕಾಯಬೇಕಿಲ್ಲ. ಏನು ತೊಡಬಹುದು, ಏನು ಕೂಡದು, ಏಕೆ ಕೂಡದು, ವಿನಾಯಿತಿ ಬೇಕಾದವರು ಯಾರನ್ನು, ಎಷ್ಟು ದಿನ ಮೊದಲು ಕೇಳಬೇಕು ಎಂಬುದನ್ನು ಪ್ರವೇಶ ಪತ್ರದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಬಹುದು. ಮುಂದಿನ ಕ್ರೀಡಾಕೂಟದ ಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲವಾದರೆ ನಾಲ್ಕು ಸಾಲು ಸೇರಿಸಲು ಸಮಯವಿದೆ.