ಆಸ್ಪತ್ರೆಯ ಬೆಡ್ಡಿಗೆ ಇನ್ಶೂರೆನ್ಸ್ ಉಂಟು, ಮನೆಯ ಉಸಿರಿಗೆ ಇಲ್ಲ

ನಾವು ಕಾಸರಗೋಡು ಕಡೆಯ ಬ್ಯಾಂಕ್ ಕೌಂಟರಿನಲ್ಲಿ ಕೂರುವವರು. ಪಾಸ್‌ಬುಕ್ ಎಂಟ್ರಿ, ಪಿಂಚಣಿ, ಚಿನ್ನದ ಸಾಲ, ಇದರ ನಡುವೆ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಮಾರುವ ಕೆಲಸವೂ ನಮ್ಮ ತಲೆಗೇ ಬಂದಿದೆ. ತಿಂಗಳ ಕೊನೆಗೆ ಟಾರ್ಗೆಟ್ ಕೇಳ್ತಾರೆ. ಹಾಗಾಗಿ ಪರಿಚಯದವರು ಯಾರು ಬಂದರೂ "ಒಂದು ಪಾಲಿಸಿ ಮಾಡಿಸಿಡಿ, ಒಳ್ಳೇದು" ಅಂತ ಹೇಳುವುದು ನಮಗೆ ಅಭ್ಯಾಸ ಆಗಿಬಿಟ್ಟಿದೆ. ಹಾಗೆ ಮಾಡಿಸಿಕೊಂಡವರಲ್ಲಿ ಒಬ್ಬರು ಅಡಿಕೆ ತೋಟದ ಅಜ್ಜ. ವರ್ಷವರ್ಷ ಅವರ ಎಸ್‌ಬಿ ಖಾತೆಯಿಂದಲೇ ಪ್ರೀಮಿಯಂ ಕಟ್ ಆಗ್ತಿತ್ತು.

ಅಜ್ಜನಿಗೆ ಶ್ವಾಸಕೋಶದ ಕಾಯಿಲೆ, ಡಾಕ್ಟ್ರ ಭಾಷೆಯಲ್ಲಿ ಸಿಒಪಿಡಿ. ಕಳೆದ ಮಳೆಗಾಲದಲ್ಲಿ ಜೋರಾಗಿ ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂಬತ್ತು ದಿನದ ಬಿಲ್ಲನ್ನು ಕಂಪನಿ ಹೆಚ್ಚುಕಮ್ಮಿ ಪೂರ್ತಿ ಕೊಟ್ಟಿತು. ಆಗ ನಾವೂ ಖುಷಿಯಲ್ಲಿದ್ದೆವು, ನೋಡಿ ನಾವು ಹೇಳಿದ್ದು ಉಪಕಾರಕ್ಕೆ ಬಂತಲ್ವಾ ಅಂತ. ಡಿಸ್ಚಾರ್ಜ್ ಆಗುವಾಗ ಡಾಕ್ಟ್ರು ಬರೆದರು: ಮನೆಯಲ್ಲಿ ಆಕ್ಸಿಜನ್, ನಿಮಿಷಕ್ಕೆ 2 ಲೀಟರ್, ದಿನಕ್ಕೆ 15 ಗಂಟೆ. ಅಲ್ಲಿಂದ ಶುರುವಾಯಿತು ತಾಪತ್ರಯ.

ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆ ಮೆಷಿನಿಗೆ ಕಾನ್ಸಂಟ್ರೇಟರ್ ಅಂತಾರೆ. ಐದು ಲೀಟರಿನದ್ದಕ್ಕೆ ನಲವತ್ತು ಸಾವಿರದ ಮೇಲೆ. ಬಿಲ್ ಹಾಕಿ ಕ್ಲೈಮ್ ಫಾರ್ಮ್ ತುಂಬಿಸಿದ್ದು ನಾವೇ. ಮೂರು ವಾರಕ್ಕೆ ಉತ್ತರ ಬಂತು: ಆಸ್ಪತ್ರೆಯ ಹೊರಗಿನ ಬಳಕೆ, ಪಾವತಿ ಇಲ್ಲ. ಅಜ್ಜ ಏನೂ ಹೇಳಲಿಲ್ಲ. ಮಾರನೇ ವಾರ ಮೊಮ್ಮಗಳು ಅಜ್ಜಿಯ ಎರಡು ಬಳೆ ಹಿಡಿದುಕೊಂಡು ನಮ್ಮದೇ ಬ್ರಾಂಚಿಗೆ ಬಂದಳು, ಚಿನ್ನದ ಸಾಲಕ್ಕೆ. ಪಾಲಿಸಿ ಮಾರಿದ ಕೌಂಟರ್, ಬಳೆ ಅಡವಿಟ್ಟುಕೊಂಡ ಕೌಂಟರ್, ಎರಡೂ ಒಂದೇ. ಈ ಬರಹ ಬರೀಲಿಕ್ಕೆ ಕಾರಣ ಅದೇ.

ಆ ಸಂಜೆ ನಾವು ಪಾಲಿಸಿ ಪುಸ್ತಕವನ್ನು ಮೊದಲ ಬಾರಿಗೆ ಕೊನೆಯ ಪುಟದವರೆಗೆ ಓದಿದೆವು. ನಾಚಿಕೆಯ ವಿಷಯ, ಆದರೂ ಹೇಳಲೇಬೇಕು. ಕೊನೆಯಲ್ಲಿ 68 ಐಟಂಗಳ ಒಂದು ಪಟ್ಟಿ ಉಂಟು, ವಿಮಾ ನಿಯಂತ್ರಕರಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿಕೊಟ್ಟದ್ದು, ಸಾಮಾನ್ಯವಾಗಿ ದುಡ್ಡು ಸಿಗದ ಸಾಮಾನುಗಳದ್ದು. ಬೇಬಿ ಫುಡ್, ಮಿನರಲ್ ವಾಟರ್, ಟೀವಿ ಚಾರ್ಜ್, ಲಾಂಡ್ರಿ. ಇದೆಲ್ಲ ಸರಿ, ಯಾರೂ ತಕರಾರು ಮಾಡುವುದಿಲ್ಲ. ಅದೇ ಸಾಲಿನಲ್ಲಿ "ಆಸ್ಪತ್ರೆಯ ಹೊರಗೆ ಬಳಸುವ ಆಕ್ಸಿಜನ್ ಸಿಲಿಂಡರ್", ನೆಬ್ಯುಲೈಸರ್ ಕಿಟ್, ಸ್ಪೇಸರ್, ವಾಕರ್, ಏರ್ ಬೆಡ್. ಉಸಿರು ಮತ್ತು ಮಿನರಲ್ ವಾಟರ್ ಒಂದೇ ಪಟ್ಟಿಯಲ್ಲಿ! ಬೇಕಿದ್ದರೆ ಹೆಚ್ಚಿನ ಪ್ರೀಮಿಯಂ ಪಡೆದು ಇವುಗಳಲ್ಲಿ ಕೆಲವನ್ನು ಕೊಡುವ ರೈಡರ್‌ಗಳನ್ನು ಕೆಲವು ಕಂಪನಿಗಳು ಮಾರುತ್ತವೆ. ಆದರೆ ಅದನ್ನು ಕೇಳಬೇಕು ಅಂತ ಗೊತ್ತಿದ್ದವರು ಮಾತ್ರ ಕೇಳ್ತಾರೆ.

"ಡೊಮಿಸಿಲಿಯರಿ ಅಂತ ಒಂದು ಕಲಂ ಉಂಟಲ್ಲ, ಮನೆ ಚಿಕಿತ್ಸೆಗೆ?" ಅಂತ ಕೆಲವರು ಕೇಳಬಹುದು. ಉಂಟು. ಆದರೆ ಅದಕ್ಕೆ ಅರ್ಹತೆ ಎರಡೇ: ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಸ್ಥಿತಿ ಇರಬಾರದು, ಇಲ್ಲವೇ ಆಸ್ಪತ್ರೆಯಲ್ಲಿ ರೂಮೇ ಸಿಗಬಾರದು. ಅದೂ ಹೆಚ್ಚಿನ ಪಾಲಿಸಿಗಳಲ್ಲಿ ಮೂರು ದಿನ ದಾಟಿದ ಮೇಲೆ. ಅದರ ಕೆಳಗೇ ಹೊರಗಿಟ್ಟ ಕಾಯಿಲೆಗಳ ಸಾಲು ಇರುತ್ತದೆ, ಅಸ್ತಮಾ ಮತ್ತು ಬ್ರಾಂಕೈಟಿಸ್ ಅಲ್ಲಿ ಮಾಮೂಲಿ. ಅಂದರೆ ಉಸಿರಿನ ಕಾಯಿಲೆಯವರಿಗೆ ಎದುರಿನ ಬಾಗಿಲು ತೆರೆದ ಹಾಗೆ ಮಾಡಿ ಹಿಂದಿನಿಂದ ಚಿಲಕ ಹಾಕಿದ್ದಾರೆ. ಸರ್ಕಾರದ ಯೋಜನೆಯೂ ಈ ವಿಷಯದಲ್ಲಿ ಬೇರೆ ಅಲ್ಲ. ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಇದ್ದರೂ ಅದು ಅಡ್ಮಿಟ್ ಆದವರಿಗೆ. ಡಿಸ್ಚಾರ್ಜ್ ನಂತರ 15 ದಿನದ ಔಷಧಿ, ಅಲ್ಲಿಗೆ ಮುಗೀತು. ಹದಿನಾರನೇ ದಿನದಿಂದ ಶ್ವಾಸಕೋಶ ತನ್ನಷ್ಟಕ್ಕೆ ಸರಿಯಾಗುತ್ತದಾ?

ಈಗ ಎಲ್ಲರಿಗಿಂತ ನಮಗೇ ಮುಜುಗರವಾಗುವ ಮಾತು. ನಾವು ಬ್ಯಾಂಕ್ ನೌಕರರಿಗೆ 2015ರ ಮೇ ತಿಂಗಳ ಹತ್ತನೇ ದ್ವಿಪಕ್ಷೀಯ ಒಪ್ಪಂದದಲ್ಲಿ ಸಿಕ್ಕಿದ ಗ್ರೂಪ್ ಮೆಡಿಕಲ್ ಸ್ಕೀಮ್ ಉಂಟು. ಅದರಲ್ಲಿ ಸಿಪ್ಯಾಪ್, ಬೈಪ್ಯಾಪ್ ಮುಂತಾದ ಉಪಕರಣಗಳ ಬಾಡಿಗೆ ಸಿಗುತ್ತದೆ. ಡಾಕ್ಟ್ರು ಬರೆದುಕೊಟ್ಟರೆ ವಿಶೇಷ ಸಂದರ್ಭದಲ್ಲಿ ಮನೆಗೆ ಖರೀದಿಸಿದ್ದಕ್ಕೂ ಸಿಗುತ್ತದೆ ಅಂತ ಬರೆದೇ ಇದೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಇವೂ ನಿಯಮ ಪ್ರಕಾರ ಆಕ್ಸಿಜನ್ ಕಾನ್ಸಂಟ್ರೇಟರ್ ಕೊಡುತ್ತವೆ. ಸಂಘಟನೆ ಇದ್ದವರು ಕೂತು ಮಾತಾಡಿ ಬರೆಸಿಕೊಂಡರು. ತೋಟದವರು, ಬೀಡಿ ಕಟ್ಟುವವರು, ಅಂಗಡಿ ಇಟ್ಟವರು, ಅವರ ಪರವಾಗಿ ಯಾರು ಕೂತದ್ದು? ನಾವು ಕೌಂಟರಿನ ಈಚೆ ಕೂತು ಆಚೆಯವರಿಗೆ ಮಾರುವ ಪಾಲಿಸಿಯೇ ಬೇರೆ, ನಮ್ಮ ಜೇಬಿನಲ್ಲಿರುವ ಪಾಲಿಸಿಯೇ ಬೇರೆ.

ಮನೆಯ ಆಕ್ಸಿಜನ್ ಕೊಡಲಿಕ್ಕೆ ಸಾಧ್ಯವೇ ಇಲ್ಲ, ದುರುಪಯೋಗ ಆಗ್ತದೆ ಅಂತ ಕಂಪನಿಯವರು ಹೇಳುವುದುಂಟು. 2020ರ ಜುಲೈಯಲ್ಲಿ ಇದೇ ಐಆರ್‌ಡಿಎಐ ಹೇಳಿಕೊಟ್ಟು ಕಂಪನಿಗಳು ಕೊರೋನಾ ಕವಚ ಪಾಲಿಸಿ ತಂದವು. ಅದರಲ್ಲಿ ಮನೆಯಲ್ಲೇ ಚಿಕಿತ್ಸೆ ಪಡೆದರೆ 14 ದಿನದವರೆಗೆ ಆಕ್ಸಿಜನ್ ಸಿಲಿಂಡರ್, ಪಲ್ಸ್ ಆಕ್ಸಿಮೀಟರ್, ನೆಬ್ಯುಲೈಸರ್ ಎಲ್ಲ ಸೇರಿತ್ತು. ಹಾಗಾದರೆ ಲೆಕ್ಕ ಹಾಕಲಿಕ್ಕೆ ಬರುತ್ತದೆ, ಮನಸ್ಸು ಮಾಡಿದರೆ ಆಗುತ್ತದೆ. ಮತ್ತೆ ದುರುಪಯೋಗದ ಮಾತು. ಮೆಷಿನ್ ಖರೀದಿಗೆ ಕೊಡುವುದು ಬೇಡ, ಬಾಡಿಗೆಗೆ ಕೊಡಲಿ, ಮೂರು ತಿಂಗಳಿಗೊಮ್ಮೆ ಡಾಕ್ಟ್ರ ಚೀಟಿ ಕೇಳಲಿ. ಮಾರಿ ತಿನ್ನುವ ಪ್ರಶ್ನೆಯೇ ಬರುವುದಿಲ್ಲ.

ಯಾರಿಗೆ ಕೊಡಬೇಕು ಅನ್ನುವುದಕ್ಕೆ ಅಳತೆಯೂ ಉಂಟು. ಇದು ನಮ್ಮ ಸ್ವಂತ ಅಭಿಪ್ರಾಯ ಅಲ್ಲ. 1980 ಮತ್ತು 81ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನಡೆದ ಎರಡು ಪರೀಕ್ಷೆಗಳಿಂದ ಇಡೀ ಲೋಕದ ಡಾಕ್ಟ್ರು ಒಪ್ಪಿಕೊಂಡದ್ದು: ಕಾಯಿಲೆ ಸ್ಥಿರವಾಗಿರುವಾಗ, ಸುಮ್ಮನೆ ಕೂತಾಗ, ಆಕ್ಸಿಜನ್ ಹಾಕದೆ ನೋಡಿದರೂ ಬೆರಳಿನ ಮೀಟರಿನಲ್ಲಿ 88 ಅಥವಾ ಕೆಳಗೆ ಇದ್ದರೆ, ರಕ್ತದ ಗ್ಯಾಸ್ ಪರೀಕ್ಷೆಯಲ್ಲಿ 55 ಅಥವಾ ಕೆಳಗೆ ಇದ್ದರೆ, ಅಂಥವರು ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ. ಹೃದಯದ ಬಲಭಾಗಕ್ಕೆ ತೊಂದರೆ ಆಗಿದ್ದರೆ 59ರವರೆಗೂ ಲೆಕ್ಕ. ಏದುಸಿರು ಬರುವ ಎಲ್ಲರಿಗೂ ಆಕ್ಸಿಜನ್ ಬೇಕಾಗುವುದಿಲ್ಲ ಅನ್ನುವುದನ್ನೂ ಇಲ್ಲಿಯೇ ಹೇಳಬೇಕು. ಸಿಒಪಿಡಿಯವರಿಗೆ ಬೇಕಾಬಿಟ್ಟಿ ಜಾಸ್ತಿ ಕೊಟ್ಟರೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅಪಾಯವೇ ಆಗಬಹುದು. ಹಾಗಾಗಿ ಅಕ್ಕಪಕ್ಕದವರ ಮೆಷಿನ್ ತಂದು ನಾಬ್ ತಿರುಗಿಸುವ ಕೆಲಸ ಮಾಡಬೇಡಿ, ಮಾರಾಯ್ರೇ. ಡಾಕ್ಟ್ರು ಹೇಳಿದ ಲೀಟರ್, ಹೇಳಿದ ಗಂಟೆ.

ನಾವು ಹೇಳುವುದಿಷ್ಟೇ: ಆ ಅಳತೆಯೊಳಗೆ ಬಂದವರಿಗೆ ಆಯುಷ್ಮಾನ್ ಆಗಲಿ, ನಾವು ಮಾರುವ ಪಾಲಿಸಿ ಆಗಲಿ, ಬಾಡಿಗೆಯನ್ನಾದರೂ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆ? ಅಜ್ಜ ಮೂರು ತಿಂಗಳು ಬಿಟ್ಟು ಮತ್ತೆ ಅಡ್ಮಿಟ್ ಆಗುತ್ತಾರೆ, ಆಗ ಐಸಿಯು ಬಿಲ್ ಇದೇ ಕಂಪನಿ ಕಟ್ಟುತ್ತದೆ. ಬಿಕಾಂ ಓದಿದ ಯಾರಿಗೂ ಈ ಲೆಕ್ಕ ಕಷ್ಟವಲ್ಲ.

ಅದು ಆಗುವವರೆಗೆ ನಮ್ಮ ಹುಡುಗ ಹುಡುಗಿಯರು ಮಾಡಬಹುದಾದ್ದು ತುಂಬ ಉಂಟು. ಗಡಿಯ ಮನೆಗಳಲ್ಲಿ ಆಸ್ಪತ್ರೆ ಒಂದು ರಾಜ್ಯದಲ್ಲಿ, ರೇಷನ್ ಕಾರ್ಡ್ ಇನ್ನೊಂದು ರಾಜ್ಯದಲ್ಲಿ. ನಾವು ಮಂಗಳೂರಿಗೆ ಹೋಗುವ ಹಾಗೆ ಜತ್ತದವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಕಲಬುರಗಿಗೆ ಹೋಗ್ತಾರೆ. ಒಮ್ಮೆ ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲೆ ಒಂದು ಸಹಿಗಾಗಿ ಮತ್ತೆ ಗಡಿ ದಾಟುವುದು ಸುಲಭ ಅಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದ್ದು ನಮ್ಮವರಿಗೆ ಮರೆತಿಲ್ಲ. ಆದ್ದರಿಂದ ಬೆಡ್ಡಿನಿಂದ ಏಳುವ ಮೊದಲೇ ಚೀಟಿ ಸರಿಯಾಗಿ ಬರೆಸಿಕೊಳ್ಳಿ. "ಹೋಮ್ ಆಕ್ಸಿಜನ್" ಅಂತ ಎರಡು ಶಬ್ದ ಗೀಚಿದರೆ ಸಾಲದು. ಆಕ್ಸಿಜನ್ ಇಲ್ಲದೆ ನೋಡಿದ ರೀಡಿಂಗ್ ಎಷ್ಟು, ಯಾವ ತಾರೀಕು, ಗ್ಯಾಸ್ ರಿಪೋರ್ಟ್, ಎಷ್ಟು ಲೀಟರ್, ಎಷ್ಟು ಗಂಟೆ, ಎಷ್ಟು ತಿಂಗಳು, ಎಲ್ಲ ಬೇಕು. ಕ್ಲೈಮ್ ತಿರಸ್ಕಾರ ಆದರೆ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಸುಮ್ಮನಾಗಬೇಡಿ, ಯಾವ ಕಲಂ ಅಂತ ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದದ್ದು ಸರಿ ಕಾಣದಿದ್ದರೆ ವಿಮಾ ಒಂಬುಡ್ಸ್‌ಮನ್. ಫೀಸು ಇಲ್ಲ, ವಕೀಲರೂ ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ನಮಗೆ ಕೊಚ್ಚಿ, ಸೊಲ್ಲಾಪುರ ಜತ್ತದವರಿಗೆ ಪುಣೆ, ಹೊಸೂರು ತಾಳವಾಡಿಯವರಿಗೆ ಚೆನ್ನೈ, ಮಡಕಶಿರಾ ಆದೋನಿಯವರಿಗೆ ಹೈದರಾಬಾದ್. ಪಾಲಿಸಿ ಮಂಗಳೂರಿನಲ್ಲಿ ಮಾಡಿಸಿದ್ದರೂ ಮನೆ ವಿಳಾಸದ ಮೇಲೆ ಇಲ್ಲಿಯೇ ದೂರು ಕೊಡಬಹುದು.

ಇನ್ನೊಂದು ವಿಷಯ ನಮ್ಮ ಬ್ರಾಂಚಿನಲ್ಲೇ ಯಾರಿಗೂ ಗೊತ್ತಿರಲಿಲ್ಲ. 2024ರ ಜನವರಿಯಿಂದ ಪ್ರತಿ ಪಾಲಿಸಿಯ ಜೊತೆ ಸುಲಭ ಭಾಷೆಯ ಒಂದು ಮಾಹಿತಿ ಪತ್ರ ಕೊಡಬೇಕು, ಯಾವುದಕ್ಕೆ ದುಡ್ಡು ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಅಂತ. ಗಿರಾಕಿ ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಅಂತ ನಿಯಮ ಇದೆ. ಕಾಸರಗೋಡಿನ ಸ್ಥಳೀಯ ಭಾಷೆಗಳಲ್ಲಿ ಕನ್ನಡ ಇಲ್ಲ ಅಂತ ಯಾರಿಗಾದರೂ ಹೇಳಲಿಕ್ಕೆ ಬಾಯಿ ಬರುತ್ತದಾ? ಕೇಳಿ. ಅಜ್ಜ ಇಂಗ್ಲಿಷಿನ ಮೂವತ್ತು ಪುಟಕ್ಕೆ ಸಹಿ ಹಾಕಿದ್ದರು. ಕನ್ನಡದಲ್ಲಿ ನಾಲ್ಕು ಪುಟ ಇದ್ದಿದ್ದರೆ ಮೊಮ್ಮಗಳು ಓದಿ ಹೇಳುತ್ತಿದ್ದಳು, ನಮ್ಮ ಬಾಯಿಮಾತನ್ನು ನಂಬಬೇಕಾಗಿರಲಿಲ್ಲ.

ರಾಜ್ಯ ಸರ್ಕಾರಗಳನ್ನು ಬರೀ ಬೈಯುವುದೂ ಸರಿಯಲ್ಲ. ಕೇರಳ 2008ರಲ್ಲೇ ಪಾಲಿಯೇಟಿವ್ ನೀತಿ ತಂದ ರಾಜ್ಯ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ, ಎಷ್ಟೋ ಕಡೆ ಪಾಲಿಯೇಟಿವ್ ಘಟಕಗಳಲ್ಲಿ ಕಾನ್ಸಂಟ್ರೇಟರ್, ಏರ್ ಬೆಡ್ ಸಾಲಕ್ಕೆ ಸಿಗುತ್ತದೆ. ತಮಿಳುನಾಡು 2021ರ ಆಗಸ್ಟಿನಲ್ಲಿ ಮನೆ ಬಾಗಿಲಿಗೆ ಔಷಧಿ ತರುವ ಯೋಜನೆಯನ್ನು ಶುರು ಮಾಡಿದ್ದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, ಹೊಸೂರಿನವರ ಜಿಲ್ಲೆಯಲ್ಲೇ. ಅದರಲ್ಲೂ ಪಾಲಿಯೇಟಿವ್ ಆರೈಕೆ ಉಂಟು. ನಮ್ಮ ಎಷ್ಟು ಮನೆಗಳಿಗೆ ಇದು ಗೊತ್ತು? ನೋಟಿಸು ಮಲಯಾಳದಲ್ಲಿ ಬರುತ್ತದೆ, ನಮ್ಮ ಅಜ್ಜಿಯಂದಿರು ಮಡಚಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಗ್ರಾಮಸಭೆಗೆ ಹೋಗುವವರು ರಸ್ತೆ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ನಮ್ಮ ಪಂಚಾಯತಿನಲ್ಲಿ ಎಷ್ಟು ಮೆಷಿನ್ ಉಂಟು, ಎಷ್ಟು ಸರಿ ಇವೆ, ಕೇಳಿದವರಿಗೆ ಎಷ್ಟು ದಿನದಲ್ಲಿ ಕೊಡ್ತೀರಿ.

ಇನ್ನು ಕರೆಂಟಿನ ಮಾತು. ಐದು ಲೀಟರ್ ಮೆಷಿನ್ ಸುಮಾರು 350 ವ್ಯಾಟ್ ಎಳೆಯುತ್ತದೆ. 15 ಗಂಟೆಗೆ ಐದು ಯೂನಿಟ್ ಮೇಲೆ, ನಮ್ಮ ಎರಡು ತಿಂಗಳ ಬಿಲ್ಲಿನಲ್ಲಿ 300 ಯೂನಿಟ್ ಹೆಚ್ಚು. ಕರೆಂಟ್ ಹೋದರೆ ಸಣ್ಣ ಬಿ ಟೈಪ್ ಸಿಲಿಂಡರ್ 2 ಲೀಟರಿನ ಲೆಕ್ಕದಲ್ಲಿ ಹನ್ನೆರಡು ಗಂಟೆ ಬಂದೀತು. ನಮ್ಮ ಮಳೆಗಾಲಕ್ಕೆ ಅದು ಯಾವ ಮೂಲೆಗೂ ಸಾಲದು.

ಹೋದ ತಿಂಗಳು ಬಡ್ಡಿ ಕಟ್ಟಲಿಕ್ಕೆ ಬಂದ ಮೊಮ್ಮಗಳನ್ನು ಕೇಳಿದೆವು, ಅಜ್ಜ ಎಷ್ಟು ಗಂಟೆ ಹಾಕ್ಕೊಳ್ತಾರೆ ಅಂತ. "ಆರು ಗಂಟೆ ಸರ್. ಬಿಲ್ ನೋಡಿದ ಮೇಲೆ ಅವರೇ ಆಫ್ ಮಾಡ್ತಾರೆ, ಬೈದ್ರೂ ಕೇಳುದಿಲ್ಲ" ಅಂದಳು. ಮನೆಯಲ್ಲಿ ಜೀವರಕ್ಷಕ ಉಪಕರಣ ಇರುವವರಿಗೆ ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿ ಉಂಟು, ಡಾಕ್ಟ್ರ ಸರ್ಟಿಫಿಕೇಟ್ ಜೊತೆ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು ಅಂತ ನಮಗೂ ಆಗಷ್ಟೇ ಗೊತ್ತಾಗಿತ್ತು. ಅರ್ಜಿ ಮಲಯಾಳದಲ್ಲಿತ್ತು. ಊಟದ ಬಿಡುವಿನಲ್ಲಿ ಕೂತು ತುಂಬಿಸಿ ಕೊಟ್ಟೆವು. ಮೊನ್ನೆ ಮತ್ತೆ ಸಿಕ್ಕಳು. ಅಜ್ಜ ಈಗ ರಾತ್ರಿ ಪೂರ್ತಿ ಹಾಕಿಕೊಳ್ಳುತ್ತಾರಂತೆ. ಹಗಲಿಗೆ ಇನ್ನೂ ಒಪ್ಪಿಲ್ಲ.