ಟ್ಯಾಬ್ ಬಂತು, ಸಂತೋಷ. ಪುಸ್ತಕ ಎಲ್ಲಿ?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮುಂದೆ ಅವುಗಳ ಹೆಸರು ‘ಅರಿವು ಕೇಂದ್ರ’ ಎಂದಾಯಿತು. ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಎಷ್ಟೋ ಕಡೆ ಟಿ.ವಿ., ಟ್ಯಾಬ್ ಕೂಡ ಬಂದವು. 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯವೂ ಶುರುವಾಯಿತು. ಇದೇ ಅವಧಿಯಲ್ಲಿ ಕನ್ನಡದ ಲೇಖಕರು, ಪ್ರಕಾಶಕರು ಇನ್ನೊಂದು ಮಾತನ್ನು ಕೇಳಿ ಕೇಳಿ ದಣಿದರು: ಗ್ರಂಥಾಲಯಗಳಿಗೆ ಪುಸ್ತಕಗಳ ಸಗಟು ಖರೀದಿ ಯಾವಾಗ? ಬೆಲೆ ಪರಿಷ್ಕರಣೆ ಯಾವಾಗ? ಬಾಕಿ ಬಿಲ್ ಯಾವಾಗ?

ಈ ಎರಡನ್ನೂ ಬೇರೆ ಬೇರೆ ಸುದ್ದಿಗಳೆಂದು ಓದುವುದು ನಮ್ಮ ರೂಢಿ. ಆದರೆ ಇವು ಒಂದೇ ಸುದ್ದಿಯ ಎರಡು ಮುಖ. ಪರದೆ ತೋರಿಸಿದರೆ ಪುಸ್ತಕದ ಲೆಕ್ಕ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಆಡಳಿತಕ್ಕೆ ಬಂದುಬಿಟ್ಟಿದೆ. ‘ಎಲ್ಲ ಮೊಬೈಲ್‌ನಾಗ ಐತಲ್ರೀ’ ಎನ್ನುವ ನಾವೇ ಆ ಧೈರ್ಯ ತುಂಬಿದ್ದೇವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನಾವಂತೂ ಹೀಗೆ ಹೇಳುವಂತಿಲ್ಲ. ಕೈಯಲ್ಲಿ ಹಿಡಿಯಬಹುದಾದ ಓಲೆ, ವಹಿ, ಪುಸ್ತಕ, ಗ್ರಾಮಫೋನ್ ತಟ್ಟೆ, ಕ್ಯಾಸೆಟ್ ಇಲ್ಲದಿದ್ದರೆ ಈ ಸೀಮೆ ಹೆಮ್ಮೆಯಿಂದ ಹೇಳಿಕೊಳ್ಳುವ ಅರ್ಧಕ್ಕರ್ಧ ಹೆಸರುಗಳು ನಮಗೆ ಉಳಿಯುತ್ತಲೇ ಇರಲಿಲ್ಲ.

ಹಿರೇಕೆರೂರು ಸೀಮೆ ತನ್ನವನೆಂದು ಹೇಳುವ ಸರ್ವಜ್ಞನನ್ನೇ ತೆಗೆದುಕೊಳ್ಳಿ. ಅವನ ತ್ರಿಪದಿಗಳು ಜನರ ಬಾಯಲ್ಲಿದ್ದವು, ನಿಜ. ಬಾಯಲ್ಲಿದ್ದದ್ದು ಊರಿಗೊಂದು ಪಾಠವಾಗಿ ಚದುರಿಯೂ ಹೋಗಿತ್ತು. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ವರ್ಷಗಟ್ಟಲೆ ಹಸ್ತಪ್ರತಿಗಳನ್ನು ಕಲೆಹಾಕಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಯಾರದೋ ಮನೆಯ ಅಟ್ಟದ ಮೇಲೆ, ಯಾವುದೋ ಮಠದ ಗೂಡಿನಲ್ಲಿ ಆ ಹಸ್ತಪ್ರತಿಗಳು ಉಳಿದಿದ್ದರಿಂದಲೇ ಆ ಪುಸ್ತಕ ಸಾಧ್ಯವಾಯಿತು.

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರು 1889ರಲ್ಲಿ ತೀರಿಕೊಂಡರು. ಅವರ ಪದಗಳನ್ನು ಕಾಪಾಡಿದ್ದು ಭಜನಾ ಮೇಳಗಳು ಮತ್ತು ಆ ಮೇಳಗಳವರ ಕೈಬರಹದ ವಹಿಗಳು. ಬಳಿಕ ಅಚ್ಚಾದ ಸಂಗ್ರಹಗಳು ಬಂದವು. ಅದಾದ ಮೇಲೆ ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯ ಕ್ಯಾಸೆಟ್‌ಗಳು ಬಂದು, ತಂಬೂರಿಯನ್ನೇ ಕಾಣದ ಬೆಂಗಳೂರಿನ ಮನೆಗಳಿಗೂ ಷರೀಫರನ್ನು ಮುಟ್ಟಿಸಿದವು. ಷರೀಫರ ಕುರಿತ 1990ರ ಸಿನಿಮಾ ಈ ಹಾದಿಯ ಇನ್ನೊಂದು ಮೈಲಿಗಲ್ಲು. ಪ್ರತಿ ಹಂತದಲ್ಲೂ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದು ಕೈಗೆ ಸಿಗುವ ವಸ್ತು. ಕ್ಯಾಸೆಟ್ಟನ್ನು ಪಕ್ಕದ ಮನೆಯವರು ಒಯ್ದು ಕೇಳಿ ತಂದುಕೊಡಬಹುದಿತ್ತು. ಅದರ ಹೊದಿಕೆಯ ಮೇಲೆ ಪದ ಯಾರದು, ರಾಗ ಯಾರದು, ದನಿ ಯಾರದು ಎಂಬುದು ಅಚ್ಚಾಗಿರುತ್ತಿತ್ತು. ಇಂದಿನ ಆ್ಯಪಿನಲ್ಲಿ ತತ್ತ್ವಪದ ಹುಡುಕಿ ನೋಡಿ. ಹಾಡಿದವರ ಹೆಸರು ದಪ್ಪಕ್ಷರದಲ್ಲಿ ಕಾಣುತ್ತದೆ, ಬರೆದವರ ಹೆಸರು ಇದ್ದರೆ ಅದೃಷ್ಟ.

ಇನ್ನು ಹಾನಗಲ್ಲು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಜಗತ್ತಿನಾದ್ಯಂತ ಹೊತ್ತು ತಿರುಗಿದ್ದು ನಮ್ಮ ಊರಿನ ಹೆಸರನ್ನು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ಗಾಯನವನ್ನು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ 78 ಆರ್‌ಪಿಎಂ ತಟ್ಟೆಗಳಾಗಿ ತಂದಿತು. ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು ಚಿಲ್ಲರೆ ನಿಮಿಷ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. ನಾವೆಲ್ಲ ಬಲ್ಲ ಆ ಗಂಭೀರ ದನಿ ಆಮೇಲಿನದು. ಅದಕ್ಕೂ ಮುಂಚಿನ ಎಳೆಯ, ಏರುದನಿಯ ಗಂಗೂಬಾಯಿ ಹೇಗೆ ಹಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿ ಆ ತಟ್ಟೆಗಳು. ಅವನ್ನು ಬಟ್ಟೆಯಲ್ಲಿ ಸುತ್ತಿ ದಶಕಗಳ ಕಾಲ ಜೋಪಾನ ಮಾಡಿದ ಹವ್ಯಾಸಿಗಳು ಇದ್ದುದರಿಂದ ಇಂದು ಅದೇ ಗಾಯನ ಯೂಟ್ಯೂಬಿನಲ್ಲಿ ಕೇಳಸಿಗುತ್ತಿದೆ. ಡಿಜಿಟಲ್ ಪ್ರತಿಯ ತಾಯಿ ಆ ತಟ್ಟೆ. ‘ಯೂಟ್ಯೂಬಿನಲ್ಲೇ ಇದೆಯಲ್ಲ’ ಎಂದು ತಟ್ಟೆಯನ್ನು ಗುಜರಿಗೆ ಹಾಕುವವರು ಇದನ್ನು ಮರೆಯಬಾರದು.

ಹಾಗಾದರೆ ಡಿಜಿಟಲ್ ಕಡತವೂ ಹಾಗೆಯೇ ಉಳಿಯುವುದಿಲ್ಲವೇ? ಅದು ನಿಮ್ಮದಾಗಿದ್ದರೆ ಉಳಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ಏರ್‌ಟೆಲ್ ಗ್ರಾಹಕರಿಗೆ ಹಾಡು ಕೇಳಿಸುತ್ತಿದ್ದ ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ಅದನ್ನೇ ನೆಚ್ಚಿ ಹಾಡಿನ ಪಟ್ಟಿ ಮಾಡಿಕೊಂಡವರು ಹೊಸ ಆ್ಯಪ್ ಹುಡುಕಿಕೊಳ್ಳಬೇಕಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಗೆ ಬೀಗ ಹಾಕಿದಾಗ, ದುಡ್ಡು ಕೊಟ್ಟು ಕೊಂಡ ಪುಸ್ತಕಗಳೂ ಓದುಗರ ಕೈತಪ್ಪಿದವು. ಕಂಪನಿ ಹಣ ಮರಳಿಸಿತು, ಪುಸ್ತಕ ಮರಳಲಿಲ್ಲ. ಲಾವಣಿ ಹಾಕಿಕೊಂಡ ಹೊಲದಲ್ಲಿ ಬೆಳೆ ತೆಗೆಯಬಹುದು, ಅದನ್ನು ಮಕ್ಕಳ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಆ್ಯಪಿನ ಹಾಡು, ಕಿಂಡಲ್‌ನ ಪುಸ್ತಕ ಎರಡೂ ಇಂಥ ಲಾವಣಿಯ ಹೊಲಗಳೇ.

ಕನ್ನಡದವರಿಗಂತೂ ಈ ಲಾವಣಿಯೂ ಸುಲಭಕ್ಕೆ ದಕ್ಕಿಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಎಂಟು ಜ್ಞಾನಪೀಠಗಳ ಭಾಷೆಯನ್ನು ಒಂದು ಕಂಪನಿ ಹೊರಗಿಟ್ಟು ಮುಂದೆ ನಡೆಯಿತು. ಆ ಎಂಟರಲ್ಲಿ ಒಂದನ್ನು ತಂದುಕೊಟ್ಟ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಅವರ ಪುಸ್ತಕ ಸವಣೂರಿನ ಹುಡುಗಿಗೆ ಸಿಗಬೇಕೋ ಬೇಡವೋ ಎಂಬುದು ಅಮೆಜಾನ್‌ನ ಸಿಯಾಟಲ್ ಕಚೇರಿಯಲ್ಲಿ ತೀರ್ಮಾನವಾಗಬಾರದು. ಸವಣೂರಿನ ಗ್ರಂಥಾಲಯದ ಕಪಾಟಿನಲ್ಲಿ ಆ ಪುಸ್ತಕವಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ.

ಎದುರು ಪಕ್ಷಕ್ಕೂ ಗಟ್ಟಿಯಾದ ವಾದಗಳಿವೆ. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅಚ್ಚಾದ ಪುಸ್ತಕ ಅವರಂಥವರಿಗೆ ಮುಚ್ಚಿದ ಬಾಗಿಲು. ಇಂದು ಮೊಬೈಲ್ ಓದಿ ಹೇಳುವ ದನಿ, ಕೇಳುವ ಪುಸ್ತಕ ಆ ಬಾಗಿಲನ್ನು ತೆರೆದಿವೆ. ಮರುಮುದ್ರಣ ಕಾಣದ ಎಷ್ಟೋ ಹಳೆಯ ಕೃತಿಗಳನ್ನು ಸ್ಕ್ಯಾನ್ ಮಾಡಿ ಉಳಿಸಿದವರು ಡಿಜಿಟಲ್ ಕಾರ್ಯಕರ್ತರು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹಳ್ಳಿ ಹುಡುಗರಿಗೆ ಅರಿವು ಕೇಂದ್ರದ ಕಂಪ್ಯೂಟರ್ ದೊಡ್ಡ ಆಸರೆ. ಇದರಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಪರದೆಯನ್ನು ಪುಸ್ತಕದ ಬದಲಿಗೆ ಇಡುವ ಲೆಕ್ಕಾಚಾರದ ಮೇಲೆ. ಅರಿವು ಕೇಂದ್ರದ ನಾಲ್ಕು ಟ್ಯಾಬ್‌ಗಳನ್ನು ಏಕಕಾಲಕ್ಕೆ ನಾಲ್ವರು ನೋಡಬಹುದು, ಮನೆಗೆ ಒಯ್ಯುವಂತಿಲ್ಲ. ನಾಲ್ಕು ನೂರು ಪುಸ್ತಕಗಳು ನಾಲ್ಕು ನೂರು ಮನೆಗಳಿಗೆ ಹೋಗಿಬರಬಹುದು. ಕರೆಂಟ್ ಹೋದರೂ ಓದು ನಿಲ್ಲುವುದಿಲ್ಲ. ಮೂರು ವರ್ಷಕ್ಕೆ ಟ್ಯಾಬಿನ ಬ್ಯಾಟರಿ ಸೋಲುತ್ತದೆ. ರಟ್ಟು ಹೊಲಿದ ಪುಸ್ತಕ ಮೂವತ್ತು ವರ್ಷ ಬಾಳುತ್ತದೆ.

ಹಣವಿಲ್ಲ ಎಂಬ ನೆಪವನ್ನು ಒಪ್ಪಲಾಗದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಪುಸ್ತಕಕ್ಕಾಗಿ, ಗ್ರಂಥಾಲಯಕ್ಕಾಗಿ ಜನ ಕೊಟ್ಟ ದುಡ್ಡು. ಬೆಂಗಳೂರು ಮಹಾನಗರ ಪಾಲಿಕೆ ಈ ಕರವನ್ನು ವಸೂಲು ಮಾಡಿಯೂ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಮತ್ತೆ ಮತ್ತೆ ಬಂದಿದೆ. ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳು ಎಷ್ಟು ವಸೂಲು ಮಾಡಿವೆ, ಎಷ್ಟು ಸಂದಾಯ ಮಾಡಿವೆ ಎಂದು ನಾವು ಕೇಳಿದ್ದೇವೆಯೇ? ಆ ಕಡೆ ಸಗಟು ಖರೀದಿಯಲ್ಲಿ ಆಯ್ಕೆಯಾದ ಶೀರ್ಷಿಕೆಗೆ ಸಾಮಾನ್ಯವಾಗಿ 300 ಪ್ರತಿ. ಆರು ಕೋಟಿ ಜನರ ರಾಜ್ಯಕ್ಕೆ ಅಷ್ಟೇ! ಪಂಚಾಯಿತಿ ಗ್ರಂಥಾಲಯಗಳೇ ಐದು ಸಾವಿರಕ್ಕಿಂತ ಹೆಚ್ಚಿರುವಾಗ ಆ 300ರಲ್ಲಿ ಹಿರೇಕೆರೂರಿನ ಹಳ್ಳಿಗೆ ಬರುವುದು ಎಷ್ಟು? ಅದೂ ಪುಸ್ತಕ ಅಚ್ಚಾಗಿ ವರ್ಷಗಳು ಉರುಳಿದ ಮೇಲೆ.

ಸರ್ಕಾರಕ್ಕೆ ಪುಸ್ತಕದ ಬೆಲೆ ಗೊತ್ತಿಲ್ಲವೆಂದಲ್ಲ. 2021ರ ಆಗಸ್ಟ್‌ನಲ್ಲಿ, ಶಿಗ್ಗಾಂವಿಯಿಂದಲೇ ಆರಿಸಿಹೋಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂಬ ಸೂಚನೆ ಹೊರಟಿತು. 2023ರಲ್ಲಿ ಸಿದ್ದರಾಮಯ್ಯನವರೂ ಹಾರದ ಬದಲು ಪುಸ್ತಕ ಕೊಡಿ ಎಂದರು. ಪಕ್ಷ ಬೇರೆಯಾದರೂ ಮಾತು ಒಂದೇ. ಆದರೆ ವೇದಿಕೆಗಳಲ್ಲಿ ಇಂದಿಗೂ ಮೈಸೂರು ಪೇಟ, ಮಾರುದ್ದದ ಹಾರಗಳದೇ ದರಬಾರು. ಸೇಬು, ಮೂಸಂಬಿ ಪೋಣಿಸಿದ ಹಾರವನ್ನು ಕ್ರೇನಿನಲ್ಲಿ ಎತ್ತಿ ಹಾಕುವ ಊರುಗಳಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಲು ದುಡ್ಡಿಲ್ಲ ಎಂದರೆ ನಂಬುವವರು ಯಾರು?

ಈ ಸೀಮೆಗೆ ಪುಸ್ತಕ ಹಂಚುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಪಕ್ಕದ ಹಾವೇರಿ ತಾಲ್ಲೂಕಿನ ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಗೆಳೆಯರೊಡನೆ ‘ಸಂಕ್ರಮಣ’ ಎಂಬ ಸಣ್ಣ ಪತ್ರಿಕೆ ಹುಟ್ಟುಹಾಕಿ ದಶಕಗಳ ಕಾಲ ನಡೆಸಿದರು. ಪದ, ಹಾಡುಗಳನ್ನು ಕಲೆಹಾಕಲು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ನಾಲ್ಕೂ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳು ಪ್ರತಿ ವರ್ಷ ಗ್ರಂಥಾಲಯ ಕರದ ಜಮಾ-ಖರ್ಚನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ಸಗಟು ಖರೀದಿ ಆಯಾ ವರ್ಷವೇ ಮುಗಿಯಲಿ, ಪ್ರತಿಗಳ ಸಂಖ್ಯೆ ಏರಲಿ. ಟ್ಯಾಬ್ ಕೊಳ್ಳಲು ತೆಗೆದಿಟ್ಟಷ್ಟೇ ಹಣವನ್ನು ಪುಸ್ತಕಕ್ಕೂ ತೆಗೆದಿಡಲಿ. ಈ ಭಾಗದ ಭಜನೆ, ಡೊಳ್ಳಿನ ಪದ, ಗೀಗೀ ಪದಗಳ ಧ್ವನಿಮುದ್ರಣ ಆ್ಯಪಿಗೆ ಹೋಗುವುದಾದರೆ ಹೋಗಲಿ. ಹಾಡಿದವರ, ಕಟ್ಟಿದವರ ಹೆಸರು ಅಚ್ಚಾದ ಹೊತ್ತಗೆ, ಸಿ.ಡಿ. ಅಥವಾ ಪೆನ್‌ಡ್ರೈವ್ ಸಮೇತ ಒಂದು ಪ್ರತಿ ಪ್ರತಿಯೊಂದು ಅರಿವು ಕೇಂದ್ರದಲ್ಲೂ ಇರಲಿ.

ಓದುಗರಿಗೂ ಒಂದು ಮಾತು. ಮುಂದಿನ ಗ್ರಾಮಸಭೆಗೆ ಹೋಗಿ. ರಸ್ತೆ, ಗಟಾರ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಅರಿವು ಕೇಂದ್ರಕ್ಕೆ ಈ ವರ್ಷ ಬಂದ ಹೊಸ ಪುಸ್ತಕ ಎಷ್ಟು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.