ನಮ್ಮ ಪಟ್ಟಿಯ ಬೀಗದ ಕೈ ಯಾರ ಹತ್ರ ಇದೆ?

ಗೆಳೆಯರೇ, ಇದು ನಮ್ಮದೇ ತಪ್ಪಿನ ಕಥೆ. ಬೇರೆಯವರನ್ನ ಬೈಯೋಕೆ ಮುಂಚೆ ನಮ್ಮ ಮನೆ ನೋಡ್ಕೊಳ್ಳೋಣ ಅಂತ ಬರೀತಾ ಇದ್ದೀನಿ.

ಹೋದ ವರ್ಷ ನಾವು ಹತ್ತು ಹನ್ನೆರಡು ಜನ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ವಿ. ಉರುಕುಂದ, ಕೌತಾಳಂ ಸುತ್ತಿನ ಊರುಗಳಲ್ಲಿ ಮನೇಲಿ ಕನ್ನಡ ಮಾತಾಡೋ ಕುಟುಂಬಗಳ ಪಟ್ಟಿ ಮಾಡೋದು. ಗೂಗಲ್ ಫಾರ್ಮ್ ಮಾಡಿದ್ವಿ. ತಂದೆ ತಾಯಿ ಹೆಸರು, ಫೋನ್ ನಂಬರ್, ಮಗುವಿನ ಹೆಸರು, ತರಗತಿ, ಓಣಿ. ಹುಡುಗರು ಬಿಸಿಲಲ್ಲಿ ಮನೆ ಮನೆ ತಿರುಗಿದರು. ಪಟ್ಟಿ ಬೆಳೀತು. ಖುಷಿ ಆಯ್ತು.

ಒಂದಿನ ನಮ್ಮ ಬ್ಯಾಂಕ್ ಕೌಂಟರಿಗೆ ಒಬ್ಬ ತಾಯಿ ಬಂದರು. ಹಣ ಕಟ್ಟಿದ ಮೇಲೂ ಹೋಗಲಿಲ್ಲ. "ಅಣ್ಣಾ, ನಂಬರ್ ಕೊಟ್ಟಿದ್ದು ನಿಮ್ಮ ಹುಡುಗ್ರಿಗೆ. ಫೋನ್ ಬಂದಿದ್ದು ಬ್ಯಾರೆ ಸಾಲಿಯವ್ರಿಂದ. ಕನ್ನಡ ಸಾಲಿ ಬಿಡಿಸ್ರಿ, ನಮ್ಮಲ್ಲಿ ಹಾಕ್ರಿ ಅಂತಾರ. ಮಗನ ಹೆಸರು, ಕ್ಲಾಸು ಎಲ್ಲಾ ಅವ್ರಿಗೆ ಗೊತ್ತೈತಿ. ಯಾರು ಹೇಳಿದ್ರು?"

ನನ್ನ ಹತ್ರ ಉತ್ತರ ಇರಲಿಲ್ಲ.

ಸಂಜೆ ಶೀಟ್ ತೆಗೆದು ನೋಡಿದ್ರೆ, ಶೇರ್ ಸೆಟ್ಟಿಂಗ್ 'ಲಿಂಕ್ ಇರುವ ಯಾರಾದರೂ' ಅಂತ ಇತ್ತು. ಅದೂ ಎಡಿಟರ್ ಅಧಿಕಾರದ ಜೊತೆ. ಆ ಲಿಂಕ್ ಮೂರು ವಾಟ್ಸಾಪ್ ಗ್ರೂಪಲ್ಲಿ ಓಡಾಡಿತ್ತು. ಯಾರು ತಗೊಂಡ್ರು, ಯಾರಿಗೆ ಕೊಟ್ಟರು ಅಂತ ಹೇಳೋಕೆ ಆಗಲಿಲ್ಲ. ಯಾರೂ ಕಳ್ಳತನ ಮಾಡಬೇಕಾಗಿರಲಿಲ್ಲ, ಬಾಗಿಲು ನಾವೇ ತೆಗೆದಿಟ್ಟಿದ್ವಿ. ಆಮೇಲೆ ಆ ಓಣಿಗೆ ಹೋದ್ರೆ ಜನ ಮಾತಾಡಿಸಿದರು, ಚಾ ಕೊಟ್ಟರು, ನಂಬರ್ ಮಾತ್ರ ಕೊಡಲಿಲ್ಲ.

ನಾನು ಬ್ಯಾಂಕ್ ಗುಮಾಸ್ತ. ನಮ್ಮಲ್ಲಿ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ರ. ಒಬ್ಬರೇ ತೆಗೆಯೋಕೆ ಆಗಲ್ಲ. ನಾನು ಎಂಟ್ರಿ ಹಾಕಿದ್ದನ್ನ ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ವರ್ಗ ಆದವರ ಯೂಸರ್ ಐಡಿ ಬಂದ್ ಆಗುತ್ತೆ. ಇದು ಯಾರ ಮೇಲೂ ಅನುಮಾನ ಪಟ್ಟು ಮಾಡಿದ್ದಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಬ್ಬ ಅಮಾಯಕನ ತಲೆಗೆ ಬರಬಾರದು ಅಂತ ಮಾಡಿದ್ದು. ಉರುಕುಂದ ಈರಣ್ಣಸ್ವಾಮಿ ಹುಂಡಿಯನ್ನ ಒಬ್ಬರೇ ಮನೆಗೆ ಒಯ್ದು ಎಣಿಸಿದರೆ ಒಪ್ತೀವಾ? ಜನರ ಹೆಸರು, ನಂಬರ್ ಕೂಡ ಅಂಥ ಕಾಣಿಕೆಯೇ. ನಂಬಿ ಹಾಕಿದ್ದಾರೆ.

"ನಮ್ಮದು ಹೋರಾಟ, ಮುಚ್ಚಿಡೋದು ಏನಿದೆ?" ಅಂತ ಕೆಲವರು ಕೇಳ್ತಾರೆ. ಒಳ್ಳೆ ಪ್ರಶ್ನೆ. ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಎಲ್ಲರೂ ನೋಡಬಹುದು. ನಿಮ್ಮ ಪಾಸ್‌ಬುಕ್ ಯಾರಿಗೂ ತೋರಿಸಲ್ಲ. ಸಂಘಟನೆಯ ಖರ್ಚು, ನಿರ್ಣಯ, ಎಷ್ಟು ಮನೆ ಎಣಿಸಿದ್ವಿ ಅನ್ನೋದು ಬಹಿರಂಗ ಇರಲಿ. ಯಾರ ಮನೆ, ಯಾವ ಮಗು, ಯಾವ ನಂಬರ್ ಅನ್ನೋದು ಒಳಗಿರಲಿ.

ನಮಗೆ ಅಂಕಿ ಸಂಖ್ಯೆಯ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಬಂದವು. ಯಾವ ಊರಲ್ಲಿ ಯಾವ ಭಾಷೆಯವರು ಎಷ್ಟು ಅನ್ನೋ ಲೆಕ್ಕ ಆ ವಾದದಲ್ಲಿ ದೊಡ್ಡ ಅಸ್ತ್ರ ಆಗಿತ್ತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಸೌಲಭ್ಯಕ್ಕೆ ರಾಜ್ಯ ಪ್ರಯತ್ನಿಸಬೇಕು ಅಂತ ಅದು ಹೇಳುತ್ತೆ. ಆ ಹಕ್ಕು ಕೇಳೋಕೆ ಲೆಕ್ಕ ಬೇಕು. ಆದರೆ ಮನವಿ ಪತ್ರಕ್ಕೆ 'ಈ ಊರಲ್ಲಿ ಇಷ್ಟು ಮಕ್ಕಳು' ಅನ್ನೋದು ಸಾಕು. ಹೆಸರು, ನಂಬರ್ ಲಗತ್ತಿಸೋ ಅಗತ್ಯ ಇಲ್ಲ.

ಇನ್ನೊಂದು ವಿಷಯ. ನಮ್ಮ ಪುಟ್ಟ ವೆಬ್‌ಸೈಟಿಗೆ ಗೂಗಲ್ ಅನಲಿಟಿಕ್ಸ್ ಹಾಕಿದ್ವಿ, ಯಾವ ಕಡೆಯಿಂದ ಜನ ಓದ್ತಾರೆ ನೋಡೋಣ ಅಂತ. ಅಕೌಂಟ್ ಇದ್ದಿದ್ದು ಒಬ್ಬ ಹುಡುಗನ ಸ್ವಂತ ಜಿಮೇಲಲ್ಲಿ, ಅವನೊಬ್ಬನೇ ಅಡ್ಮಿನಿಸ್ಟ್ರೇಟರ್. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಫೋನ್ ಕಳೀತು, ಪಾಸ್‌ವರ್ಡ್ ಮರೆತ. ಹುಡುಗ ಒಳ್ಳೆಯವನೇ. ಆದ್ರೆ ಹೊಸಬರನ್ನ ಸೇರಿಸೋ ಅಧಿಕಾರ ಅಡ್ಮಿನಿಸ್ಟ್ರೇಟರಿಗೆ ಮಾತ್ರ. ನಾವೆಲ್ಲ ಹೊರಗೆ ನಿಂತ್ವಿ.

ಅಲ್ಲಿ ಐದು ದರ್ಜೆ ಇವೆ: ಅಡ್ಮಿನಿಸ್ಟ್ರೇಟರ್, ಎಡಿಟರ್, ಮಾರ್ಕೆಟರ್, ಅನಲಿಸ್ಟ್, ವೀವರ್. ಬರೀ ಅಂಕಿ ನೋಡೋರಿಗೆ ವೀವರ್ ಸಾಕು. ಅಕೌಂಟ್ ಮಟ್ಟದಲ್ಲಿ ಕೊಟ್ಟ ಅಧಿಕಾರ ಒಳಗಿನ ಎಲ್ಲ ಪ್ರಾಪರ್ಟಿಗೂ ಇಳಿಯುತ್ತೆ, ಅದಕ್ಕೇ ಕೊಡೋ ಮುಂಚೆ ಯೋಚಿಸಿ. ಓದುಗರ ಹೆಸರು, ಫೋನ್, ಇಮೇಲ್ ಅದರೊಳಗೆ ಹೋಗೋ ಹಾಗೆ ಮಾಡೋದು ಗೂಗಲ್ ನಿಯಮಕ್ಕೇ ವಿರುದ್ಧ. ಮತ್ತೆ, ಊರಿನ ಅಂಕಿಯನ್ನ ಪೂರ್ತಿ ನಂಬಬೇಡಿ. ಆದವಾನಿಯಲ್ಲಿ ಕೂತು ಮೊಬೈಲಲ್ಲಿ ಓದಿದವರನ್ನ ಅದು ಹೈದರಾಬಾದ್ ಅಂತ ತೋರಿಸಬಹುದು. ಆ ಚಾರ್ಟ್ ಹಿಡಿದು 'ಗಡಿಯಲ್ಲಿ ಕನ್ನಡ ಓದೋರೇ ಇಲ್ಲ' ಅಂತ ನಾವೇ ತೀರ್ಪು ಕೊಡೋದು ಬೇಡ.

ಕಾನೂನು ಕೂಡ ನಮ್ಮನ್ನ ಬಿಡಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕೆ ಹೇಳಿತು. ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು.

ಈಗ ಏನು ಮಾಡೋಣ? ನಾವು ಶುರು ಮಾಡಿದ್ದು ಇಷ್ಟು:

1. ಸಂಘಟನೆಗೆ ಅಂತಲೇ ಒಂದು ಇಮೇಲ್. ಎರಡು ಹಂತದ ಪರಿಶೀಲನೆ ಆನ್. ಎರಡು ವರ್ಷ ಬಳಸದ ಅಕೌಂಟನ್ನ ಗೂಗಲ್ ಅಳಿಸಬಹುದು, ಅದಕ್ಕೆ ಆಗಾಗ ಲಾಗಿನ್ ಆಗೋದು.

2. ಪೇಜ್, ಶೀಟ್, ಅನಲಿಟಿಕ್ಸ್ ಯಾವುದೇ ಇರಲಿ, ಪೂರ್ತಿ ಅಧಿಕಾರ ಇಬ್ಬರಿಗೆ. ಒಬ್ಬರಿಗೆ ಬೇಡ, ಹತ್ತು ಜನಕ್ಕೂ ಬೇಡ.

3. ಶೀಟ್ 'ನಿರ್ಬಂಧಿತ'. ಹೆಸರು ಹೆಸರಾಗಿ ಸೇರಿಸೋದು. ನೋಡೋರಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಆಯ್ಕೆ ಬಂದ್. ಸ್ಕ್ರೀನ್‌ಶಾಟ್ ಇದರಿಂದ ನಿಲ್ಲಲ್ಲ, ಅದಕ್ಕೇ ಸದಸ್ಯರು ಕಮ್ಮಿ ಇರಲಿ.

4. ಬೇಡದ್ದು ಕೇಳೋದೇ ಬೇಡ. ಮಗುವಿನ ಹೆಸರು ನಮಗೆ ಬೇಕಾಗಿರಲೇ ಇಲ್ಲ. ತರಗತಿ ಸಾಕಿತ್ತು.

5. ಮೂರು ತಿಂಗಳಿಗೊಮ್ಮೆ ಸದಸ್ಯರ ಪಟ್ಟಿ ನೋಡಿ, ಬಿಟ್ಟು ಹೋದವರ ಅಧಿಕಾರ ತೆಗೆಯೋದು. ಬೇಜಾರಾಗೋ ಮಾತಿಲ್ಲ. ಬ್ಯಾಂಕಲ್ಲಿ ವರ್ಗ ಆದ ಮ್ಯಾನೇಜರಿಗೂ ಇದೇ ನಿಯಮ.

ಹಳೇ ಶೀಟ್ ಅಳಿಸಿದ್ವಿ. ಆ ತಾಯಿ ಮನೆಗೆ ಇಬ್ಬರು ಹೋಗಿ ತಪ್ಪಾಯ್ತು ಅಂತ ಹೇಳಿ ಬಂದ್ವಿ. ಅವರು ಇನ್ನೂ ನಂಬರ್ ಕೊಟ್ಟಿಲ್ಲ. ಮಗ ಮಾತ್ರ ಕನ್ನಡ ಸಾಲಿಗೇ ಹೋಗ್ತಾ ಇದ್ದಾನೆ.

ಇದನ್ನ ಓದಿ ಮುಗಿಸಿದ ತಕ್ಷಣ ನಿಮ್ಮ ಸಂಘಟನೆಯ ಶೀಟ್ ತೆಗೀರಿ. ಮೇಲಿನ ಶೇರ್ ಗುಂಡಿ ಒತ್ತಿ. ಅಲ್ಲಿ ಏನಿದೆ ನೋಡಿ. ಲೈಕ್ ಆಮೇಲೆ ಕೊಡಿ.